ಸಮೀಕರಣದಲ್ಲಿ ಬಿಟ್ಟುಹೋದ ಪದ: ಸಂಚಾರ ನಿಯಂತ್ರಕ

1959ರ ಅಕ್ಟೋಬರ್‌ನಲ್ಲಿ ಅಮೆರಿಕದ 'ಮ್ಯಾನೇಜ್‌ಮೆಂಟ್ ಸೈನ್ಸ್' ಎಂಬ ನಿಯತಕಾಲಿಕದಲ್ಲಿ ಹನ್ನೆರಡು ಪುಟಗಳ ಒಂದು ಪ್ರಬಂಧ ಪ್ರಕಟವಾಯಿತು. ಅದರ ಶೀರ್ಷಿಕೆ 'ದ ಟ್ರಕ್ ಡಿಸ್ಪ್ಯಾಚಿಂಗ್ ಪ್ರಾಬ್ಲಂ', ಅಂದರೆ ಲಾರಿ ರವಾನೆಯ ಸಮಸ್ಯೆ. ಬರೆದವರು ರ‍್ಯಾಂಡ್ ಕಾರ್ಪೊರೇಷನ್ನಿನ ಜಾರ್ಜ್ ಡ್ಯಾಂಟ್ಸಿಗ್ ಮತ್ತು ಅಟ್ಲಾಂಟಿಕ್ ರಿಫೈನಿಂಗ್ ಎಂಬ ತೈಲ ಕಂಪನಿಯ ಜೆ.ಎಚ್. ರಾಮ್ಸರ್. ಕಾರ್ಯಾಚರಣ ಸಂಶೋಧನೆಯನ್ನು ಪಾಠವಾಗಿ ಓದಿದವರಿಗೆ ಡ್ಯಾಂಟ್ಸಿಗ್ ಹೆಸರು ಹೊಸತಲ್ಲ. 1947ರಲ್ಲಿ ಸಿಂಪ್ಲೆಕ್ಸ್ ವಿಧಾನವನ್ನು ರೂಪಿಸಿದವರು ಅವರೇ. ಇಂದು ಮನೆಬಾಗಿಲಿಗೆ ಪಾರ್ಸೆಲ್ ತರುವ ಕಂಪನಿಗಳ ಗಣಕಗಳು ಹಾದಿಯನ್ನು ನಿರ್ಧರಿಸುವ ಕ್ರಮವಿಧಿಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಪ್ರಬಂಧದ ಸಂತತಿ.

ಈ ಪ್ರಸಿದ್ಧ ಪ್ರಬಂಧದಲ್ಲಿ ಒಂದು ವಿಚಿತ್ರವಿದೆ. ಶೀರ್ಷಿಕೆಯಲ್ಲಿ 'ಡಿಸ್ಪ್ಯಾಚಿಂಗ್' ಎಂಬ ಪದವಿದೆ. ಆದರೆ ಡಿಸ್ಪ್ಯಾಚರ್ ನಿತ್ಯ ಮಾಡುವ ಕೆಲಸ ಅದರೊಳಗೆ ಎಲ್ಲೂ ಇಲ್ಲ.

ಡಿಸ್ಪ್ಯಾಚರ್ ಎಂದರೆ ಯಾರು? ಯಾವ ವಾಹನ ಯಾವಾಗ ಹೊರಡಬೇಕು, ಯಾವ ಹಾದಿ ಹಿಡಿಯಬೇಕು, ನಡುವೆ ತೊಡಕಾದರೆ ಏನು ಮಾಡಬೇಕು ಎಂಬುದನ್ನು ವಾಹನದಿಂದ ದೂರದಲ್ಲಿ ಕುಳಿತು ಗಳಿಗೆ ಗಳಿಗೆಗೂ ತೀರ್ಮಾನಿಸುವ ವ್ಯಕ್ತಿ. ಕನ್ನಡದಲ್ಲಿ ಈ ವೃತ್ತಿಗೆ ಒಂದೇ ಹೆಸರಿಲ್ಲ. ನಮ್ಮ ಬಸ್ ನಿಲ್ದಾಣಗಳಲ್ಲಿ ಇವರು ಸಂಚಾರ ನಿಯಂತ್ರಕರು. ಜನರ ಬಾಯಲ್ಲಿ ಕಂಟ್ರೋಲರ್. ರೈಲ್ವೆಯಲ್ಲಿ ಸೆಕ್ಷನ್ ಕಂಟ್ರೋಲರ್. ವಿಮಾನಯಾನದಲ್ಲಿ ಫ್ಲೈಟ್ ಡಿಸ್ಪ್ಯಾಚರ್. ಲಾರಿ ಕಂಪನಿಗಳಲ್ಲಿ ಎಷ್ಟೋ ವೇಳೆ ಹುದ್ದೆಗೆ ಹೆಸರೂ ಇರುವುದಿಲ್ಲ. ಎರಡು ಫೋನು, ಒಂದು ರಿಜಿಸ್ಟರು ಇಟ್ಟುಕೊಂಡು ಕೂತ 'ಆಫೀಸಿನವರು', ಅಷ್ಟೆ. ಈ ಲೇಖನದಲ್ಲಿ ಎಲ್ಲರನ್ನೂ ಸೇರಿಸಿ ಸಂಚಾರ ನಿಯಂತ್ರಕರು ಎಂದೇ ಕರೆಯೋಣ.

ಡ್ಯಾಂಟ್ಸಿಗ್ ಮತ್ತು ರಾಮ್ಸರ್ ಬಿಡಿಸಿದ್ದು ಯೋಜನೆಯ ಸಮಸ್ಯೆಯನ್ನು. ಅದಕ್ಕೆ ಅವರು ಇಟ್ಟ ಹೆಸರು ಮಾತ್ರ ರವಾನೆಯ ಸಮಸ್ಯೆ ಎಂದು. ಯೋಜನೆ ಹಿಂದಿನ ರಾತ್ರಿ ಮುಗಿಯುತ್ತದೆ. ರವಾನೆ ಬೆಳಿಗ್ಗೆ ಮೊದಲ ವಾಹನ ತಡವಾದಾಗ ಆರಂಭವಾಗುತ್ತದೆ. ಇವೆರಡನ್ನೂ ಒಂದೇ ಎಂದು ಎಣಿಸಿದ್ದರಿಂದ ಸಂಚಾರ ನಿಯಂತ್ರಕರ ಕೆಲಸಕ್ಕೆ ಸಿಗಬೇಕಾದ ಬೆಲೆ ಸಿಗದೆ ಹೋಯಿತು ಎಂಬುದು ನನ್ನ ವಾದ. ಇದು ಬರಿಯ ಗೌರವದ ಪ್ರಶ್ನೆಯಲ್ಲ. ಇದರಲ್ಲಿ ಪ್ರಯಾಣಿಕರ ಮತ್ತು ಚಾಲಕರ ಜೀವದ ಪ್ರಶ್ನೆಯೂ ಇದೆ. ಹೇಗೆ ಎಂಬುದನ್ನು ಒಂದೊಂದಾಗಿ ಪರಿಶೀಲಿಸೋಣ.

ಪ್ರಬಂಧದ ಸಾಧನೆ

ಮೊದಲು ಪ್ರಬಂಧಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸೋಣ. ಅದು ಎತ್ತಿಕೊಂಡ ಪ್ರಶ್ನೆ ಇದು: ಒಂದು ಪೆಟ್ರೋಲ್ ಡಿಪೊ ಇದೆ. ಅಲ್ಲಿಂದ ಹಲವು ಬಂಕ್‌ಗಳಿಗೆ ಟ್ಯಾಂಕರ್ ಲಾರಿಗಳಲ್ಲಿ ಪೆಟ್ರೋಲ್ ಕಳಿಸಬೇಕು. ಪ್ರತಿ ಬಂಕ್‌ಗೆ ಎಷ್ಟು ಬೇಕು ಎಂಬುದು ಗೊತ್ತು. ಲಾರಿಯ ಧಾರಣ ಸಾಮರ್ಥ್ಯ ಗೊತ್ತು. ಯಾವ ಎರಡು ಸ್ಥಳಗಳ ನಡುವಿನ ದೂರವೂ ಗೊತ್ತು. ಎಲ್ಲ ಬಂಕ್‌ಗಳ ಬೇಡಿಕೆ ಪೂರೈಸಿ, ಲಾರಿಗಳು ಕ್ರಮಿಸುವ ಒಟ್ಟು ದೂರ ಕನಿಷ್ಠವಾಗುವಂತೆ ಹಾದಿಗಳನ್ನು ಹಂಚುವುದು ಹೇಗೆ?

ನೋಡಲು ಸುಲಭ. ಆದರೆ ಸುಲಭವಲ್ಲ. ಒಂದೇ ಲಾರಿ ಡಿಪೊದಿಂದ ಹೊರಟು 15 ಬಂಕ್‌ಗಳಿಗೆ ಹೋಗಿ ಮರಳಬೇಕು ಎಂದಿಟ್ಟುಕೊಳ್ಳಿ. ಮೊದಲ ಬಂಕ್‌ಗೆ 15 ಆಯ್ಕೆ, ಎರಡನೆಯದಕ್ಕೆ 14, ಮೂರನೆಯದಕ್ಕೆ 13. ಹೀಗೆ ಗುಣಿಸುತ್ತ ಹೋಗಿ, ಒಂದೇ ಹಾದಿಯನ್ನು ಹಿಂದುಮುಂದಾಗಿ ಕ್ರಮಿಸುವುದನ್ನು ಬೇರೆಯೆಂದು ಎಣಿಸದೆ ಎರಡರಿಂದ ಭಾಗಿಸಿದರೆ ಬರುವ ಹಾದಿಗಳ ಸಂಖ್ಯೆ 65,383 ಕೋಟಿ 71 ಲಕ್ಷ 84 ಸಾವಿರ. ಸೆಕೆಂಡಿಗೆ ಒಂದರಂತೆ ಪರಿಶೀಲಿಸುತ್ತ ಹೋದರೆ ಸುಮಾರು 20,700 ವರ್ಷ ಬೇಕು! ಲಾರಿಗಳು ಹಲವಾದರೆ ಸಂಖ್ಯೆ ಇನ್ನೂ ಬೆಳೆಯುತ್ತದೆ. ಪ್ರತಿಯೊಂದನ್ನೂ ಪರೀಕ್ಷಿಸದೆ, ಲೀನಿಯರ್ ಪ್ರೋಗ್ರಾಮಿಂಗ್ ನೆರವಿನಿಂದ ಉತ್ತಮ ಉತ್ತರದ ಹತ್ತಿರಕ್ಕೆ ಹೋಗುವ ದಾರಿಯನ್ನು ಅವರಿಬ್ಬರು ತೋರಿಸಿದರು. 12 ಬಂಕ್‌ಗಳ ಒಂದು ಉದಾಹರಣೆಯನ್ನು ಬಿಡಿಸಿ ತೋರಿಸಿದರು. ಕೈಯಲ್ಲೂ ಮಾಡಬಹುದು, ಗಣಕದಲ್ಲೂ ಮಾಡಬಹುದು ಎಂದರು. 1964ರಲ್ಲಿ ಕ್ಲಾರ್ಕ್ ಮತ್ತು ರೈಟ್ ಎಂಬಿಬ್ಬರು ಈ ವಿಧಾನವನ್ನು ಸುಧಾರಿಸಿದರು. ಆಮೇಲೆ ಬಂದ ಪ್ರಬಂಧಗಳಿಗೆ ಲೆಕ್ಕವಿಲ್ಲ.

ತಮ್ಮ ವಿಧಾನವನ್ನು ಇನ್ನೂ ಯಾವ ಕಂಪನಿಯಲ್ಲೂ ಪ್ರಯೋಗಿಸಿಲ್ಲ ಎಂದು ಲೇಖಕರು ಆರಂಭದಲ್ಲೇ ಹೇಳಿದ್ದಾರೆ. ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಅವರ ನಂತರ ಬಂದವರೆಲ್ಲ ಇಷ್ಟು ಎಚ್ಚರ ವಹಿಸಲಿಲ್ಲ.

ಸಮಯವಿಲ್ಲದ ಸಮೀಕರಣ

ಭೌತವಿಜ್ಞಾನದ ಅಧ್ಯಾಪಕನೊಬ್ಬ ಈ ಪ್ರಬಂಧದ ಸಮೀಕರಣಗಳನ್ನು ಓದಿದರೆ ಮೊದಲು ಕಣ್ಣಿಗೆ ಬೀಳುವುದು ಒಂದು ಕೊರತೆ. ಅಲ್ಲಿ ದೂರವಿದೆ, ಬೇಡಿಕೆಯಿದೆ, ಸಾಮರ್ಥ್ಯವಿದೆ. ಸಮಯ ಎಂಬ ಚರ ಇಲ್ಲ. ಲಾರಿಗಳು ಚಲಿಸುತ್ತವೆ, ಆದರೆ ಅದು ಚಲನೆಯ ಸಮಸ್ಯೆಯಲ್ಲ, ಜ್ಯಾಮಿತಿಯ ಸಮಸ್ಯೆ. ಹಾದಿಯನ್ನು ಒಮ್ಮೆ ನಿರ್ಧರಿಸಿದರೆ ಮುಗಿಯಿತು. ಟೈರು ಪಂಕ್ಚರ್ ಆಗುವುದಿಲ್ಲ, ಮಳೆ ಬರುವುದಿಲ್ಲ, ಬಂಕ್‌ನವರು 'ಇವತ್ತು ಬೇಡ, ಟ್ಯಾಂಕು ತುಂಬಿದೆ' ಎನ್ನುವುದಿಲ್ಲ, ಚಾಲಕರಿಗೆ ನಿದ್ದೆ ಬರುವುದಿಲ್ಲ.

ಯಾವುದೇ ಮಾದರಿಯೂ ವಾಸ್ತವವನ್ನು ಸರಳಗೊಳಿಸುತ್ತದೆ. ಘರ್ಷಣೆಯಿಲ್ಲದ ಇಳಿಜಾರು, ತೂಕವಿಲ್ಲದ ದಾರ ಇವು ನಮ್ಮ ತರಗತಿಗಳಲ್ಲೂ ಇವೆ. ಅದು ತಪ್ಪಲ್ಲ. ಆದರೆ ಘರ್ಷಣೆಯನ್ನು ಕೈಬಿಟ್ಟು ಬ್ರೇಕಿನ ಬಗ್ಗೆ ಪಾಠ ಮಾಡಿದರೆ ಒಪ್ಪುತ್ತೀರಾ? ಅಡಚಣೆಗಳನ್ನು ಕೈಬಿಟ್ಟು ಸಂಚಾರ ನಿಯಂತ್ರಣದ ಬಗ್ಗೆ ಮಾತನಾಡುವುದೂ ಹಾಗೆಯೇ. ಅಡಚಣೆಯನ್ನು ನಿಭಾಯಿಸುವುದೇ ಆ ವೃತ್ತಿಯ ತಿರುಳು.

ಮುಂದೆ ಆದದ್ದು ಇನ್ನೂ ಸ್ವಾರಸ್ಯಕರ. ಈ ಸಮಸ್ಯೆಗೆ ಕ್ರಮೇಣ 'ವೆಹಿಕಲ್ ರೂಟಿಂಗ್ ಪ್ರಾಬ್ಲಂ' ಎಂಬ ಹೆಸರು ನೆಲೆನಿಂತಿತು. ಒಳಗೆ ಇಲ್ಲದಿದ್ದ ಡಿಸ್ಪ್ಯಾಚರ್ ಶೀರ್ಷಿಕೆಯಿಂದಲೂ ಮರೆಯಾದ. ಕಾಲದ ಮಿತಿ, ಅನಿಶ್ಚಿತ ಬೇಡಿಕೆ, ಚಲಿಸುತ್ತಿರುವಾಗಲೇ ಬದಲಾಗುವ ಹಾದಿ ಇವನ್ನು ಸೇರಿಸಿಕೊಂಡ ಮಾದರಿಗಳು ನಂತರ ಬಂದಿವೆ, ನಿಜ. ಆದರೆ ನಮ್ಮ ಪದವಿ ತರಗತಿಗಳ ಪಾಠಗಳಲ್ಲಿ ಹೆಚ್ಚಾಗಿ ಕಾಣುವುದು ಮೂಲದ ನಿಶ್ಚಲ ಸಮಸ್ಯೆಯೇ. ಅದನ್ನು ಓದಿ ಹೊರಬಂದ ವಿದ್ಯಾರ್ಥಿ ವ್ಯವಸ್ಥಾಪಕನಾದಾಗ 'ಉತ್ತರವನ್ನು ಗಣಕ ಕೊಟ್ಟ ಮೇಲೆ ಈ ಫೋನು ಹಿಡಿದು ಕೂತವರೇಕೆ?' ಎಂದು ಕೇಳಿದರೆ ಆಶ್ಚರ್ಯವಿಲ್ಲ.

ಮೊನೆಯ ಮೇಲೆ ನಿಂತ ಪೆನ್ಸಿಲ್

ಅವರೇಕೆ ಬೇಕು ಎಂಬುದಕ್ಕೆ ಭೌತವಿಜ್ಞಾನದ ಉತ್ತರವಿದೆ. ನಗರದ ಬಸ್ ನಿಲ್ದಾಣದಲ್ಲಿ ನೀವು ಅರ್ಧ ಗಂಟೆ ಕಾದಿರುತ್ತೀರಿ. ಕೊನೆಗೆ ಒಂದೇ ನಂಬರಿನ ಎರಡು ಬಸ್ಸುಗಳು ಒಂದರ ಹಿಂದೊಂದು ಬರುತ್ತವೆ. ಮೊದಲನೆಯದು ತುಂಬಿ ತುಳುಕುತ್ತಿರುತ್ತದೆ, ಎರಡನೆಯದು ಬಹುಪಾಲು ಖಾಲಿ. ಇದು ಚಾಲಕರ ಹುಡುಗಾಟ ಎಂದು ಬಯ್ದುಕೊಳ್ಳುತ್ತೇವೆ. ವಾಸ್ತವವಾಗಿ ಇದು ಆ ವ್ಯವಸ್ಥೆಯ ಸಹಜ ಗುಣ. 1964ರಲ್ಲಿ ನ್ಯೂವೆಲ್ ಮತ್ತು ಪಾಟ್ಸ್ ಇದನ್ನು ಗಣಿತೀಯವಾಗಿ ವಿವರಿಸಿದರು.

ಲೆಕ್ಕವನ್ನು ನೀವೇ ಮಾಡಬಹುದು. ಹತ್ತು ನಿಮಿಷಕ್ಕೊಂದು ಬಸ್ಸು ಎಂದಿಟ್ಟುಕೊಳ್ಳಿ. ಪ್ರತಿ ನಿಲ್ದಾಣಕ್ಕೂ ನಿಮಿಷಕ್ಕೆ ಮೂವರಂತೆ ಪ್ರಯಾಣಿಕರು ಬಂದು ನಿಲ್ಲುತ್ತಾರೆ. ಒಬ್ಬರು ಬಸ್ಸು ಹತ್ತಲು 2 ಸೆಕೆಂಡು ಬೇಕು. ರೈಲ್ವೆ ಗೇಟು ಬಿದ್ದದ್ದರಿಂದ ಒಂದು ಬಸ್ಸು 1 ನಿಮಿಷ ತಡವಾಯಿತು. ಮುಂದಿನ ನಿಲ್ದಾಣದಲ್ಲಿ ಅದಕ್ಕಾಗಿ ಮೂವರು ಹೆಚ್ಚು ಮಂದಿ ಕಾದಿರುತ್ತಾರೆ. ಅವರು ಹತ್ತಲು 6 ಸೆಕೆಂಡು, ಅಂದರೆ 0.1 ನಿಮಿಷ, ಹೆಚ್ಚು ಬೇಕು. ಈಗ ವಿಳಂಬ 1.1 ನಿಮಿಷ. ಅದರ ಮುಂದಿನ ನಿಲ್ದಾಣದಲ್ಲಿ 1.1ರ ವರ್ಗ. ಹತ್ತು ನಿಲ್ದಾಣ ದಾಟಿದಾಗ 1.1ರ ಹತ್ತನೆಯ ಘಾತ, ಸುಮಾರು 2.6 ನಿಮಿಷ. ಇಪ್ಪತ್ತು ನಿಲ್ದಾಣ ದಾಟಿದಾಗ ಸುಮಾರು 6.7 ನಿಮಿಷ! ಇತ್ತ ಹಿಂದಿನ ಬಸ್ಸಿಗೆ ಕಾದಿರುವವರು ಕಡಿಮೆ. ಅದು ಬೇಗ ಬೇಗ ಮುಂದೆ ಸಾಗುತ್ತದೆ. ಎರಡೂ ಹತ್ತಿರವಾಗುತ್ತ ಕೊನೆಗೆ ಜೋಡಿಯಾಗುತ್ತವೆ.

ಮೊನೆಯ ಮೇಲೆ ನಿಲ್ಲಿಸಿದ ಪೆನ್ಸಿಲನ್ನು ನೆನಪಿಸಿಕೊಳ್ಳಿ. ಅದು ಸಮತೋಲನದಲ್ಲೇ ಇರುತ್ತದೆ, ಆದರೆ ಅಸ್ಥಿರ ಸಮತೋಲನದಲ್ಲಿ. ಒಂದು ಎಳೆಯಷ್ಟು ವಾಲಿದರೂ ಆ ವಾಲು ತನ್ನನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಸಮಾನ ಅಂತರದಲ್ಲಿ ಸಾಗುವ ಬಸ್ಸುಗಳ ಸಾಲೂ ಅಂಥದೇ. ವೇಳಾಪಟ್ಟಿ ಎಷ್ಟೇ ಅಚ್ಚುಕಟ್ಟಾಗಿರಲಿ, ಅದು ಆ ಸಾಲನ್ನು ಹಿಡಿದು ನಿಲ್ಲಿಸಲಾರದು. ಹಿಡಿದು ನಿಲ್ಲಿಸಲು ಹೊರಗಿನಿಂದ ಹಿಮ್ಮಾಹಿತಿ ಬೇಕು. ಎಂಜಿನಿಯರುಗಳು ಫೀಡ್‌ಬ್ಯಾಕ್ ಎನ್ನುವುದು ಇದನ್ನೇ: ವ್ಯತ್ಯಾಸ ಎಷ್ಟಾಗಿದೆ ಎಂದು ಗಮನಿಸುವುದು, ಅದು ಬೆಳೆಯುವ ಮುನ್ನ ವಿರುದ್ಧ ದಿಕ್ಕಿನಲ್ಲಿ ತಿದ್ದುವುದು.

ಹಾದಿಯ ಮಧ್ಯದ ನಿಲ್ದಾಣದಲ್ಲಿ ಕುಳಿತ ಸಂಚಾರ ನಿಯಂತ್ರಕರು ಮಾಡುವುದು ಇದೇ. ತಡವಾದ ಬಸ್ಸಿನ ಮುಂದಿನದನ್ನೂ ಹಿಂದಿನದನ್ನೂ ಒಂದೊಂದು ನಿಮಿಷ ತಡೆದು ಅಂತರವನ್ನು ಹಂಚಿಬಿಡುತ್ತಾರೆ. ಸ್ವಾರಸ್ಯವೆಂದರೆ, ಸಮಯಕ್ಕೆ ಸರಿಯಾಗಿ ಬಂದ ಬಸ್ಸಿನಲ್ಲಿ ಕುಳಿತವರಿಗೆ ಇದು ಅನ್ಯಾಯವಾಗಿ ಕಾಣುತ್ತದೆ. 'ಡ್ರೈವರ್ ರೆಡಿ, ಸೀಟು ಭರ್ತಿ, ಈ ಕಂಟ್ರೋಲರ್ ಯಾಕೆ ಬಿಡ್ತಿಲ್ಲ?' ಎಂಬ ಕೂಗು ಏಳುತ್ತದೆ. ಮುಂದಿನ ಇಪ್ಪತ್ತು ನಿಲ್ದಾಣಗಳಲ್ಲಿ ಕಾಯುತ್ತಿರುವವರಿಗೆ ಇದರಿಂದ ಲಾಭ. ಆದರೆ ಅವರಿಗೆ ಇದು ಗೊತ್ತೇ ಆಗುವುದಿಲ್ಲ. ನಷ್ಟ ಅನುಭವಿಸಿದವರಿಗೆ ನಿಯಂತ್ರಕರ ಮುಖ ಕಾಣುತ್ತದೆ; ಲಾಭ ಪಡೆದವರಿಗೆ ಕಾಣುವುದಿಲ್ಲ. ಈ ವೃತ್ತಿಯ ಅವಗಣನೆಗೆ ಮೂಲ ಕಾರಣ ಇಲ್ಲಿದೆ.

ದೂರ–ಕಾಲ ಆಲೇಖ ಎಂಬ ಆಯುಧ

ಬಸ್ಸು ಇನ್ನೊಂದನ್ನು ಹಿಂದಿಕ್ಕಿ ಹೋಗಬಲ್ಲದು. ಒಂದೇ ಹಳಿಯ ಮೇಲೆ ಎದುರುಬದುರಾಗಿ ಬರುವ ರೈಲುಗಳಿಗೆ ಆ ಸೌಲಭ್ಯವಿಲ್ಲ. ಹೀಗಾಗಿ ಸಂಚಾರ ನಿಯಂತ್ರಣ ಒಂದು ವೃತ್ತಿಯಾಗಿ ಬೆಳೆದದ್ದು ರೈಲ್ವೆಯಲ್ಲಿ. 1851ರಲ್ಲಿ ಅಮೆರಿಕದ ಈರಿ ರೈಲ್‌ರೋಡಿನ ಮೇಲ್ವಿಚಾರಕ ಚಾರ್ಲ್ಸ್ ಮಿನೊ ಪ್ರಯಾಣಿಸುತ್ತಿದ್ದ ರೈಲು, ಎದುರಿನ ರೈಲಿಗಾಗಿ ಒಂದು ನಿಲ್ದಾಣದಲ್ಲಿ ಕಾಯುತ್ತಿತ್ತು. ಆತ ಮುಂದಿನ ನಿಲ್ದಾಣಕ್ಕೆ ಟೆಲಿಗ್ರಾಫ್ ಮೂಲಕ ಸಂದೇಶ ಕಳಿಸಿ, ಎದುರಿನ ರೈಲನ್ನು ಅಲ್ಲೇ ತಡೆಯುವಂತೆ ಹೇಳಿ, ತನ್ನ ರೈಲನ್ನು ಹೊರಡಿಸಲು ಆಜ್ಞೆ ಕೊಟ್ಟ. ಚಾಲಕ ಒಪ್ಪಲಿಲ್ಲ. ತಂತಿಯ ಮಾತನ್ನು ನಂಬಿ ಜೀವ ಪಣಕ್ಕಿಡುವುದೇ? ಮಿನೊ ತಾನೇ ಎಂಜಿನ್ ನಡೆಸಿದ. ಚಾಲಕ ಹೋಗಿ ಕೊನೆಯ ಬೋಗಿಯಲ್ಲಿ ಕೂತನಂತೆ! ರೈಲಿಗಿಂತ ವೇಗವಾಗಿ ಅದರ ಸುದ್ದಿ ಸಾಗಬಲ್ಲದು ಎಂಬ ಒಂದು ಸಂಗತಿಯಿಂದ ಈ ಹೊಸ ಉದ್ಯೋಗ ಹುಟ್ಟಿತು.

ಸುದ್ದಿ ಬಂದರೆ ಸಾಲದು, ಅದನ್ನು ಒಂದೆಡೆ ಹಾಕಿ ನೋಡಬೇಕು. ಅದಕ್ಕೆ ಒದಗಿದ್ದು ದೂರ–ಕಾಲ ಆಲೇಖ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ವಿಜ್ಞಾನಿ ಎಟಿಯೆನ್ ಜೂಲ್ ಮರೇ ತನ್ನ ಪುಸ್ತಕದಲ್ಲಿ ಪ್ಯಾರಿಸ್–ಲಿಯಾನ್ ರೈಲುಗಳ ಇಂಥ ಆಲೇಖವನ್ನು ಪ್ರಕಟಿಸಿದ. ಅದರಲ್ಲಿ ಓರೆಗೆರೆಗಳೆಲ್ಲ ರೈಲುಗಳು, ಅಡ್ಡಗೆರೆಗಳು ನಿಲ್ದಾಣಗಳು. ಗೆರೆ ಕಡಿದಾದಷ್ಟೂ ರೈಲು ವೇಗದ್ದು. ಭಾರತೀಯ ರೈಲ್ವೆಯ ಪ್ರತಿ ವಿಭಾಗದ ಕಂಟ್ರೋಲ್ ಕಚೇರಿಯಲ್ಲೂ ಸೆಕ್ಷನ್ ಕಂಟ್ರೋಲರುಗಳು ಇದೇ ಆಲೇಖವನ್ನು ದೊಡ್ಡ ಹಾಳೆಯ ಮೇಲೆ ಬಣ್ಣದ ಪೆನ್ಸಿಲುಗಳಿಂದ ಎಳೆಯುತ್ತಿದ್ದರು. ಈಗ ಅದು ಗಣಕದ ಪರದೆಗೆ ಬಂದಿದೆ. ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಎರಡು ರೈಲುಗಳು ಡಿಕ್ಕಿಯಾಗದಂತೆ ಕಾಯುವುದು ನಿಲ್ದಾಣಾಧಿಕಾರಿಗಳ ಮತ್ತು ಸಿಗ್ನಲ್ ವ್ಯವಸ್ಥೆಯ ಹೊಣೆ. ಯಾವ ರೈಲು ಎಲ್ಲಿ ನಿಂತು ಯಾವುದಕ್ಕೆ ದಾರಿ ಕೊಡಬೇಕು ಎಂಬ ತೀರ್ಮಾನ ಕಂಟ್ರೋಲರ್‌ರದು.

ಒಂದು ಸರಳ ಉದಾಹರಣೆ ನೋಡೋಣ. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ಘಾಟಿಯಂಥ ಏಕಮಾರ್ಗವನ್ನು ಕಲ್ಪಿಸಿಕೊಳ್ಳಿ. ಲೆಕ್ಕ ಸುಲಭವಾಗಲೆಂದು ಹತ್ತು ಕಿ.ಮೀ.ಗೆ ಒಂದರಂತೆ 'ಅ'ದಿಂದ 'ಊ'ವರೆಗೆ, ಅಂದರೆ ಅ, ಆ, ಇ, ಈ, ಉ, ಊ ಎಂಬ ಆರು ನಿಲ್ದಾಣಗಳಿವೆ ಎನ್ನೋಣ. ಒಟ್ಟು 50 ಕಿ.ಮೀ. ಎಲ್ಲ ರೈಲುಗಳ ಜವ ಗಂಟೆಗೆ 30 ಕಿ.ಮೀ. ಬೆಳಿಗ್ಗೆ 10ಕ್ಕೆ 'ಅ'ದಿಂದ ಒಂದು ಗೂಡ್ಸ್, 'ಊ'ದಿಂದ ಒಂದು ಪ್ಯಾಸೆಂಜರ್ ಹೊರಡುತ್ತವೆ. ಗೆರೆಗಳನ್ನು ಎಳೆದರೆ ಅವು 10.50ಕ್ಕೆ 25ನೆಯ ಕಿ.ಮೀ.ನಲ್ಲಿ ಛೇದಿಸುತ್ತವೆ. ಅಲ್ಲಿ ನಿಲ್ದಾಣವಿಲ್ಲ, ಕಾಡು, ಸುರಂಗ! ಛೇದನ ಬಿಂದುವನ್ನು ಯಾವುದಾದರೂ ನಿಲ್ದಾಣದ ಗೆರೆಯ ಮೇಲೆ ತಂದು ಕೂರಿಸಬೇಕು. ಗೂಡ್ಸ್ 10.40ಕ್ಕೆ 'ಇ' ತಲುಪಿ, 11ಕ್ಕೆ ಪ್ಯಾಸೆಂಜರ್ ಬರುವವರೆಗೆ 20 ನಿಮಿಷ ಕಾಯಲಿ ಎಂದು ವೇಳಾಪಟ್ಟಿ ಹೇಳುತ್ತದೆ.

ಆದರೆ ಇಂದು ಪ್ಯಾಸೆಂಜರ್ 10 ನಿಮಿಷ ತಡವಾಗಿ ಹೊರಟಿದೆ. ಪಟ್ಟಿಯಂತೆ ನಡೆದರೆ ಗೂಡ್ಸ್ 'ಇ'ಯಲ್ಲಿ 30 ನಿಮಿಷ ಕಾಯಬೇಕು. ಬದಲಿಗೆ ಕ್ರಾಸಿಂಗನ್ನು 'ಈ' ನಿಲ್ದಾಣಕ್ಕೆ ಸರಿಸಿದರೆ ಪ್ಯಾಸೆಂಜರ್ ಅಲ್ಲಿಗೆ 10.50ಕ್ಕೆ ಬಂದು, 11ಕ್ಕೆ ಗೂಡ್ಸ್ ಬರುವವರೆಗೆ 10 ನಿಮಿಷ ಕಾಯುತ್ತದೆ. ಒಟ್ಟು ಕಾಯುವಿಕೆ 30ರಿಂದ 10 ನಿಮಿಷಕ್ಕೆ ಇಳಿಯಿತು. ಗಣಿತದ ದೃಷ್ಟಿಯಿಂದ ಉತ್ತರ ನಿಸ್ಸಂದೇಹ. ಆದರೆ ಈಗಾಗಲೇ ತಡವಾದ ಪ್ಯಾಸೆಂಜರ್ ಇನ್ನೂ 10 ನಿಮಿಷ ತಡವಾಗುತ್ತದೆ. ಕೆಳಗೆ ಅದರ ಪ್ರಯಾಣಿಕರು ಹಿಡಿಯಬೇಕಾದ ಇನ್ನೊಂದು ರೈಲಿದೆ. ಗೂಡ್ಸ್ ಬೋಗಿಗಳ ಉದ್ದ 'ಈ' ನಿಲ್ದಾಣದ ಪಕ್ಕದ ಹಳಿಗೆ ಹಿಡಿಸುತ್ತದೆಯೆ? ಏರಿನಲ್ಲಿ ಒಮ್ಮೆ ನಿಂತ ಗೂಡ್ಸನ್ನು ಮತ್ತೆ ಹೊರಡಿಸುವುದು ಸುಲಭವೆ? ಅದರ ಚಾಲಕರ ಕೆಲಸದ ಅವಧಿ ಎಷ್ಟು ಉಳಿದಿದೆ? ಹಿಂದೆ ಬರುತ್ತಿರುವ ಮೂರನೆಯ ರೈಲಿನ ಗತಿಯೇನು? ಇವೆಲ್ಲಕ್ಕೂ ಉತ್ತರ ಹುಡುಕಲು ಎರಡು ಮೂರು ನಿಮಿಷಗಳಿರುತ್ತವೆ. ಅಷ್ಟರಲ್ಲಿ ಇನ್ನೊಂದು ನಿಲ್ದಾಣದಿಂದ ಕರೆ ಬಂದಿರುತ್ತದೆ.

ನಾವು ಒಂಬತ್ತನೆಯ ತರಗತಿಯಲ್ಲಿ ದೂರ–ಕಾಲ ಆಲೇಖ ಕಲಿಸುತ್ತೇವೆ. ಓರೆ ಅಂದರೆ ಜವ ಎಂದು ಬಾಯಿಪಾಠ ಮಾಡಿಸುತ್ತೇವೆ. ಆ ಆಲೇಖವನ್ನು ದಿನಕ್ಕೆ ಎಂಟು ಗಂಟೆ ಬಳಸಿ ಅನ್ನ ಸಂಪಾದಿಸುವವರಿದ್ದಾರೆ ಎಂದು ಎಷ್ಟು ಮಂದಿ ಹೇಳುತ್ತೇವೆ?

ತಪ್ಪಾದಾಗ ಮಾತ್ರ ಕಾಣುವವರು

2016ರ ಫೆಬ್ರವರಿ 9ರಂದು ಜರ್ಮನಿಯ ಬಾಟ್ ಐಬ್ಲಿಂಗ್ ಬಳಿ ಏಕಮಾರ್ಗದಲ್ಲಿ ಎರಡು ಪ್ಯಾಸೆಂಜರ್ ರೈಲುಗಳು ಮುಖಾಮುಖಿ ಡಿಕ್ಕಿಯಾಗಿ 12 ಮಂದಿ ಸತ್ತರು. ಅಲ್ಲಿ ಸಿಗ್ನಲ್ ಕೊಡುವ ಅಧಿಕಾರವೂ ಸಂಚಾರ ನಿಯಂತ್ರಕರದೇ. ಕರ್ತವ್ಯದಲ್ಲಿದ್ದಾತ ಮೊಬೈಲಿನಲ್ಲಿ ಆಟವಾಡುತ್ತ, ಕೊಡಬಾರದ ಸಿಗ್ನಲ್ ಕೊಟ್ಟಿದ್ದ. ನ್ಯಾಯಾಲಯ ಅವನಿಗೆ ಮೂರೂವರೆ ವರ್ಷಗಳ ಸೆರೆವಾಸ ವಿಧಿಸಿತು. 'ಮನುಷ್ಯರನ್ನು ನಂಬುವುದಕ್ಕಿಂತ ಯಂತ್ರ ವಾಸಿ' ಎನ್ನುವವರಿಗೆ ಇದು ಪ್ರಬಲ ಉದಾಹರಣೆ. ಆ ವಾದವನ್ನು ತಳ್ಳಿಹಾಕುವಂತಿಲ್ಲ. ಎಚ್ಚರ ತಪ್ಪಿದ ನಿಯಂತ್ರಕ ಅಪಾಯಕಾರಿ; ಅವನನ್ನು ತಡೆಯುವ ಯಾಂತ್ರಿಕ ರಕ್ಷಣೆ ಇರಲೇಬೇಕು. ಆದರೆ ಇದೇ ಘಟನೆ ಇನ್ನೊಂದನ್ನೂ ಹೇಳುತ್ತದೆ. ಆ ಕುರ್ಚಿಯಲ್ಲಿ ಕೂತವರ ಗಮನದ ಮೇಲೆ ಎಷ್ಟು ಜೀವಗಳು ನಿಂತಿವೆ ಎಂಬುದನ್ನು. ಹೊಣೆ ಇಷ್ಟು ದೊಡ್ಡದಾದರೆ ತರಬೇತಿ, ವಿಶ್ರಾಂತಿ, ಸಂಬಳ, ಸ್ಥಾನ ಇವು ಅದಕ್ಕೆ ತಕ್ಕಂತೆ ಇರಬೇಡವೆ?

ಅಮೆರಿಕದ ವಿಮಾನಯಾನ ಈ ತರ್ಕವನ್ನು ಕಾನೂನಿಗೇ ತಂದಿತು. 1935ರಲ್ಲಿ ಮಿಸ್ಸೂರಿ ರಾಜ್ಯದಲ್ಲಿ ಒಂದು ಪ್ರಯಾಣಿಕ ವಿಮಾನ ಬಿದ್ದು ಬ್ರಾನ್ಸನ್ ಕಟಿಂಗ್ ಎಂಬ ಸೆನೆಟರ್ ಸತ್ತರು. ವಿಮಾನಯಾನದ ಮೇಲ್ವಿಚಾರಣೆಯ ಬಗ್ಗೆ ದೊಡ್ಡ ಚರ್ಚೆ ನಡೆದು 1938ರಲ್ಲಿ ನಾಗರಿಕ ವಿಮಾನಯಾನ ಕಾಯ್ದೆ ಬಂತು. ಅಲ್ಲಿಂದ ಬೆಳೆದುಬಂದ ನಿಯಮಗಳ ಪ್ರಕಾರ ಅಲ್ಲಿನ ದೊಡ್ಡ ವಿಮಾನ ಸಂಸ್ಥೆಗಳಲ್ಲಿ ಹಾರಾಟದ ಯೋಜನೆ, ವಿಳಂಬ, ರವಾನೆ ಇವುಗಳಿಗೆ ಪೈಲಟ್ ಮತ್ತು ಡಿಸ್ಪ್ಯಾಚರ್ ಜಂಟಿಯಾಗಿ ಹೊಣೆ. ಡಿಸ್ಪ್ಯಾಚರ್ ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆದವರಾಗಿರಬೇಕು. ಹವಾಮಾನ ಸರಿಯಿಲ್ಲ, ಇಂಧನ ಸಾಲದು ಎಂದು ಅವರಿಗೆ ಅನಿಸಿದರೆ ವಿಮಾನ ಹೊರಡುವಂತಿಲ್ಲ. ನೆಲದ ಮೇಲೆ ಕೂತವರ ತೀರ್ಮಾನಕ್ಕೆ ಕಾನೂನಿನ ಬಲ ಕೊಟ್ಟದ್ದು ಇಲ್ಲಿನ ಮುಖ್ಯ ಅಂಶ.

ಇದನ್ನು ಲಾರಿ ಉದ್ಯಮಕ್ಕೆ ಹೋಲಿಸಿ ನೋಡಿ. ನಮ್ಮ ದೇಶದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಚಾಲಕರ ದುಡಿಮೆಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. ರಾತ್ರಿ ಎರಡು ಗಂಟೆಗೆ ಹೆದ್ದಾರಿಯಲ್ಲಿರುವ ಚಾಲಕರು 'ಕಣ್ಣು ಎಳೀತಿದೆ' ಎಂದು ಫೋನು ಮಾಡಿದಾಗ ಆ ಮಿತಿಗೆ ಅರ್ಥ ಬರುವುದು ಫೋನಿನ ಈ ತುದಿಯಲ್ಲಿರುವವರ ಉತ್ತರದಿಂದ. 'ಪಕ್ಕಕ್ಕೆ ಹಾಕಿ ಮಲಗಿ, ಪಾರ್ಟಿಗೆ ನಾನು ಹೇಳ್ತೀನಿ' ಎನ್ನುವ ಅಧಿಕಾರ ಅವರಿಗಿರಬೇಕು. ಬೆಳಿಗ್ಗೆ ಮಾಲೀಕರ ಮುಂದೆ ಆ ತೀರ್ಮಾನವನ್ನು ಸಮರ್ಥಿಸಿಕೊಳ್ಳುವ ಸ್ಥಾನವೂ ಇರಬೇಕು. ಆ ಸ್ಥಾನವಿಲ್ಲದಿದ್ದರೆ 'ಹೇಗಾದರೂ ಬಂದುಬಿಡಿ' ಎಂಬ ಉತ್ತರವೇ ಬರುತ್ತದೆ. 1959ರ ಸಮೀಕರಣದಲ್ಲಿ ಒಟ್ಟು ದೂರ ಎರಡು ಉತ್ತರಗಳಿಗೂ ಒಂದೇ!

ಯೋಜನೆ ಮುರಿದ ಹತ್ತು ದಿನ

ಯೋಜನೆಯ ತಂತ್ರಾಂಶವನ್ನೇ ನಿಯಂತ್ರಣ ಎಂದು ತಿಳಿದರೆ ಏನಾಗಬಹುದು? 2022ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದಲ್ಲಿ ಭಾರಿ ಚಳಿಗಾಳಿ ಬೀಸಿತು. ಎಲ್ಲ ವಿಮಾನ ಸಂಸ್ಥೆಗಳಿಗೂ ತೊಂದರೆಯಾಯಿತು. ಉಳಿದವು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡವು. ಸೌತ್‌ವೆಸ್ಟ್ ಸಂಸ್ಥೆ ಮಾತ್ರ ಡಿಸೆಂಬರ್ 21ರಿಂದ 31ರೊಳಗೆ ಸುಮಾರು 16,700 ಹಾರಾಟಗಳನ್ನು ರದ್ದುಪಡಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು ಹಬ್ಬದ ದಿನಗಳಲ್ಲಿ ಸಿಕ್ಕಿಬಿದ್ದರು. ವಿಮಾನಗಳಿದ್ದವು, ಪೈಲಟ್‌ಗಳಿದ್ದರು, ಆದರೆ ಯಾರು ಎಲ್ಲಿದ್ದಾರೆ ಎಂಬುದು ಸಂಸ್ಥೆಗೇ ತಿಳಿಯದಂತಾಯಿತು. ಸಿಬ್ಬಂದಿಯನ್ನು ಮರುಹೊಂದಿಸುವ ತಂತ್ರಾಂಶ ಒಂದು ಉತ್ತರ ಕೊಡುವಷ್ಟರಲ್ಲಿ ಪರಿಸ್ಥಿತಿ ಬದಲಾಗಿ ಆ ಉತ್ತರ ನಿರುಪಯುಕ್ತವಾಗುತ್ತಿತ್ತು. ಕೊನೆಗೆ ನಿಯಂತ್ರಣ ಕೇಂದ್ರದವರು ಫೋನಿನಲ್ಲಿ ಒಬ್ಬೊಬ್ಬರನ್ನೇ ಹುಡುಕಿ ಕೈಯಾರೆ ಜೋಡಿಸಬೇಕಾಯಿತು. ತಾವಿರುವ ಜಾಗವನ್ನು ತಿಳಿಸಲು ಪೈಲಟ್‌ಗಳೇ ಗಂಟೆಗಟ್ಟಲೆ ಫೋನು ಹಿಡಿದು ಕಾದರು. 2023ರ ಡಿಸೆಂಬರ್‌ನಲ್ಲಿ ಅಮೆರಿಕ ಸರ್ಕಾರ ಈ ಸಂಸ್ಥೆಗೆ 14 ಕೋಟಿ ಡಾಲರ್ ದಂಡ ವಿಧಿಸಿತು.

ಚಳಿಗಾಳಿಯಂಥ ದಿನ ವರ್ಷಕ್ಕೊಮ್ಮೆ ಬರಬಹುದು. ಉಳಿದ ದಿನಗಳ ಸರಾಸರಿಯನ್ನು ನೋಡಿ 'ನಿಯಂತ್ರಣ ಕೇಂದ್ರದಲ್ಲಿ ಇಷ್ಟು ಜನ ಏಕೆ, ಇಷ್ಟು ಖರ್ಚು ಏಕೆ' ಎಂದು ಲೆಕ್ಕ ಹಾಕುವ ವ್ಯವಸ್ಥಾಪಕರು ಸೇತುವೆಯನ್ನು ಸರಾಸರಿ ನೀರಿನ ಮಟ್ಟಕ್ಕೆ ಕಟ್ಟುವ ಎಂಜಿನಿಯರಿನಂತೆ.

ಅಳೆಯುವುದು ಹೇಗೆ?

ಟೀಕಿಸಿ ಸುಮ್ಮನಾದರೆ ಸಾಲದು. ಸಂಚಾರ ನಿಯಂತ್ರಕರ ಕೆಲಸವನ್ನು ಅಳೆಯುವ ಮಾನ ಯಾವುದು? ನಡೆಯದೇ ಹೋದ ಅಪಘಾತವನ್ನು, ಆಗದೇ ಹೋದ ವಿಳಂಬವನ್ನು ಎಣಿಸುವುದು ಹೇಗೆ? ಇಲ್ಲಿ ಭೌತವಿಜ್ಞಾನದ ಒಂದು ಪರಿಕಲ್ಪನೆ ನೆರವಿಗೆ ಬರಬಹುದು. ಸ್ಪ್ರಿಂಗಿಗೆ ತೂಗುಹಾಕಿದ ತೂಕವನ್ನು ಎಳೆದು ಬಿಟ್ಟರೆ ಅದು ಆಂದೋಲಿಸಿ ಕ್ರಮೇಣ ತನ್ನ ಜಾಗಕ್ಕೆ ಮರಳುತ್ತದೆ. ಮರಳಲು ಹಿಡಿಯುವ ಕಾಲ ಆ ವ್ಯವಸ್ಥೆಯ ಒಂದು ಮುಖ್ಯ ಲಕ್ಷಣ. ಸಾರಿಗೆ ವ್ಯವಸ್ಥೆಗೂ ಇದನ್ನು ಅನ್ವಯಿಸಬಹುದು. ಬೆಳಿಗ್ಗೆ ಎಂಟಕ್ಕೆ ಒಂದು ಮಾರ್ಗದಲ್ಲಿ 30 ನಿಮಿಷದ ಅಡಚಣೆಯಾಯಿತು. ಬಸ್ಸುಗಳ ಅಂತರ ಮತ್ತೆ ಸರಿಹೋದದ್ದು ಎಷ್ಟು ಹೊತ್ತಿಗೆ? ಒಂಬತ್ತಕ್ಕೋ, ಮಧ್ಯಾಹ್ನಕ್ಕೋ? ಈ ಚೇತರಿಕೆಯ ಕಾಲವೇ ನಿಯಂತ್ರಕರ ಕೆಲಸದ ಅಳತೆಗೋಲು. ಬಸ್ಸುಗಳ ಜಿಪಿಎಸ್ ಸಾಧನಗಳಲ್ಲಿ, ರೈಲ್ವೆಯ ಗಣಕಗಳಲ್ಲಿ ಇದಕ್ಕೆ ಬೇಕಾದ ದತ್ತಾಂಶ ಈಗಾಗಲೇ ದಾಖಲಾಗುತ್ತಿದೆ. ಒಬ್ಬ ನಿಯಂತ್ರಕರಿಗೆ ಎಷ್ಟು ವಾಹನಗಳನ್ನು ವಹಿಸಬಹುದು ಎಂಬ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ. ವಾಹನಗಳ ಸಂಖ್ಯೆ ಹೆಚ್ಚಿಸಿದಂತೆ ಚೇತರಿಕೆಯ ಕಾಲ ಎಲ್ಲಿ ಥಟ್ಟನೆ ಏರುತ್ತದೋ ಅಲ್ಲಿಗೆ ಮಿತಿ.

ಡ್ಯಾಂಟ್ಸಿಗ್–ರಾಮ್ಸರ್ ಪ್ರಬಂಧವನ್ನು ಕಲಿಸುವುದನ್ನು ನಿಲ್ಲಿಸಬೇಕಾಗಿಲ್ಲ. ಅದರ ಜೊತೆಗೆ ಬಸ್ಸು ಜೋಡಿಯಾಗುವ ಲೆಕ್ಕವನ್ನೂ, ಏಕಮಾರ್ಗದ ಕ್ರಾಸಿಂಗ್ ಲೆಕ್ಕವನ್ನೂ ಕಲಿಸಿದರೆ ಯೋಜನೆಗೂ ನಿಯಂತ್ರಣಕ್ಕೂ ಇರುವ ವ್ಯತ್ಯಾಸ ವಿದ್ಯಾರ್ಥಿಗೆ ತಾನಾಗಿ ಹೊಳೆಯುತ್ತದೆ. ಅಧ್ಯಾಪಕರು ಒಂದು ಚಟುವಟಿಕೆಯನ್ನೂ ಮಾಡಿಸಬಹುದು. ವಿದ್ಯಾರ್ಥಿಗಳು ಊರಿನ ಬಸ್ ನಿಲ್ದಾಣದಲ್ಲಿ ಒಂದೇ ಮಾರ್ಗದ ಬಸ್ಸುಗಳು ಬರುವ ಸಮಯವನ್ನು ಎರಡು ಗಂಟೆ ಗುರುತು ಹಾಕಿಕೊಳ್ಳಲಿ. ಅಂತರಗಳ ಸರಾಸರಿಯನ್ನೂ ಮಾನಕ ವಿಚಲನೆಯನ್ನೂ ಕಂಡುಹಿಡಿಯಲಿ. ಆಮೇಲೆ ಅಲ್ಲಿನ ಸಂಚಾರ ನಿಯಂತ್ರಕರನ್ನು, ಅವರ ಬಿಡುವು ನೋಡಿಕೊಂಡು, 'ಸರ್, ಇವತ್ತು ಯಾವ ಬಸ್ಸನ್ನು ತಡೆದಿರಿ, ಏಕೆ ತಡೆದಿರಿ?' ಎಂದು ಕೇಳಲಿ. ಆ ಉತ್ತರವನ್ನೂ ಅಂಕಿಅಂಶಗಳ ಪಕ್ಕದಲ್ಲೇ ಪ್ರಯೋಗದ ಪುಸ್ತಕದಲ್ಲಿ ಬರೆದುಕೊಳ್ಳಲಿ.